ಚೀಲ ಕಟ್ಟಿಕೊಟ್ಟ ಕೈಗಳು

ಶಿರಾದಿಂದ ಹುಳಿಯಾರಿನ ಕಡೆಗೆ ಹೋಗುವಾಗ ಸಿಗುವ ಬುಕ್ಕಾಪಟ್ಟಣ ಮಳೆಯನ್ನೇ ನೆಚ್ಚಿಕೊಂಡ ಹೋಬಳಿ. ರಾಗಿ, ಕಡಲೆಕಾಯಿ, ಕುರಿ, ಸುತ್ತ ಕುರುಚಲು ಕಾಡು. ಕ್ಯಾನ್ಸರ್ ಅಂದ ಕೂಡಲೇ ಈ ಸೀಮೆಯವರ ಬಾಯಿಗೆ ಬರುವ ಹೆಸರು ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಆ ಸಂಸ್ಥೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಆಪರೇಷನ್ನಿಗೆ ಒಂದು ವಿಳಾಸ ಸಿಕ್ಕಿತು. ಊರಿಗೆ ಮರಳಿದ ಮೇಲಿನ ಬದುಕಿಗೆ ಅಂಥ ವಿಳಾಸ ಇರಲಿಲ್ಲ.

ಗುದನಾಳದ ಕ್ಯಾನ್ಸರ್ ಆದ ಕೆಲವರಿಗೆ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದು, ಮಲಕ್ಕೆ ಅಲ್ಲೇ ದಾರಿ ಮಾಡುತ್ತಾರೆ. ಅದೇ ಸ್ಟೋಮಾ. ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆ ಇಂಥ ರೋಗಿಗಳ ಜೀವ ಉಳಿಸುವ ಹಾದಿ ತೆರೆಯಿತು. ಆದರೆ ಉಳಿದ ಜೀವ ಮದುವೆಮನೆಗೆ, ಸಂತೆಗೆ ಹೋಗುವುದು ಹೇಗೆ? ಮುಂದೆ ದಶಕಗಳ ಕಾಲ ಸಿಕ್ಕ ಉತ್ತರ ಬಟ್ಟೆ, ಹತ್ತಿ, ಸೊಂಟಪಟ್ಟಿಗೆ ಬಿಗಿದ ರಬ್ಬರ್ ಚೀಲ. ಜೊತೆಗೆ ವಾಸನೆ ಮತ್ತು ಸುಲಿದ ಚರ್ಮ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ದಾದಿಯರು ಮತ್ತು ಸ್ವತಃ ರೋಗಿಗಳು. ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸೆನ್ ಅವರ ತಂಗಿ ಥೋರಾ, ಆಪರೇಷನ್ ಆದ ಮೇಲೆ ಸೋರಿಕೆಯ ಭಯಕ್ಕೆ ಮನೆಯಿಂದ ಹೊರಬರುವುದನ್ನೇ ಬಿಟ್ಟಿದ್ದರು. 1954ರಲ್ಲಿ ಅಕ್ಕನಿಗೆ ಚರ್ಮಕ್ಕೆ ಅಂಟುವ, ಬಳಸಿ ಬಿಸಾಡುವ ಚೀಲದ ಯೋಚನೆ ಹೊಳೆಯಿತು. ಪ್ಲಾಸ್ಟಿಕ್ ತಯಾರಕ ಒಗೆ ಲೂಯಿ ಹ್ಯಾನ್ಸೆನ್ ಮೊದಲು ಹಿಂಜರಿದರೂ, ತಾವೂ ನರ್ಸ್ ಆಗಿದ್ದ ಅವರ ಪತ್ನಿ ಯೊಹಾನ್ನೆ ಪಟ್ಟು ಹಿಡಿದು ಒಪ್ಪಿಸಿದರು. 1957ರಲ್ಲಿ ಹುಟ್ಟಿದ ಆ ಕಂಪನಿಯೇ ಕೊಲೊಪ್ಲಾಸ್ಟ್. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸರ್ಜನ್ ರೂಪರ್ಟ್ ಟರ್ನ್‌ಬುಲ್, ತಾವೇ ಆಪರೇಷನ್ ಮಾಡಿದ್ದ ನಾರ್ಮಾ ಗಿಲ್ ಅವರನ್ನು 1958ರಲ್ಲಿ ಇತರ ರೋಗಿಗಳ ಆರೈಕೆಗೆ ಕರೆದರು. ಸ್ಟೋಮಾ ಶುಶ್ರೂಷೆ ಒಂದು ವೃತ್ತಿಯಾಗಿ ಬೆಳೆದದ್ದು ಅಲ್ಲಿಂದ. ಚರ್ಮ ಕಾಯಲು ಅಲ್ಲಿ ಬಳಸಿದ ಕರಾಯ ಅಂಟು ಭಾರತದ ಒಣ ಕಲ್ಲುಗುಡ್ಡಗಳ ಮರದಿಂದ ಇಳಿಸಿದ್ದು ಎಂಬುದನ್ನು ಬಯಲುಸೀಮೆಯವರು ಹೆಮ್ಮೆಯಿಂದಲೇ ನೆನೆಯಬಹುದು.

ನಮ್ಮಲ್ಲಿ ಮುಂಬೈನಲ್ಲಿ 1975ರಲ್ಲಿ ಸ್ಟೋಮಾ ಇರುವವರಿಗಾಗಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿತು. ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪನೆಯಾದ ಕರುಣಾಶ್ರಯದ ಟ್ರಸ್ಟ್, ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳಿಗಾಗಿ ಕಟ್ಟಡ ಏಳುವ ಮೊದಲೇ ಮನೆಮನೆಗೆ ಹೋಗಿ ಆರೈಕೆ ಮಾಡಲು ಆರಂಭಿಸಿತು. ಉಚಿತ ಆಶ್ರಯಧಾಮ ತೆರೆದದ್ದು 1999ರಲ್ಲಿ. ಆದರೆ ಇವೆಲ್ಲ ನಗರದ ಅನುಕೂಲಗಳು.

ಹಳ್ಳಿಯವರಿಗೆ ಬೇಕಾದ ಪಾಠ ಆಪರೇಷನ್ನಿಗೆ ಮೊದಲೇ ಶುರುವಾಗಬೇಕು. ತರಬೇತಾದ ಸಿಸ್ಟರ್ ರೋಗಿಯನ್ನು ಮಲಗಿಸಿ, ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಸೀರೆಯ ನೆರಿಗೆ ಸಿಕ್ಕಿಸುವ ಜಾಗ, ಪಂಚೆ ಬಿಗಿಯುವ ಗೆರೆ, ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುವಾಗ ಮಡಿಕೆ ಬೀಳುವ ಕಡೆ, ಇವನ್ನೆಲ್ಲ ತಪ್ಪಿಸಬೇಕು. ಗುರುತು ಒಂದೆರಡು ಬೆರಳು ಆಚೀಚೆಯಾದರೂ ಚೀಲ ನಿಲ್ಲದೆ ಒದ್ದಾಡಬೇಕಾಗುತ್ತದೆ.

ಆಮೇಲಿನದು ಮನೆಯ ಕೆಲಸ, ಅದು ಬಹುಪಾಲು ಹೆಂಡತಿಯ, ಮಗಳ, ಸೊಸೆಯ ಪಾಲಿಗೆ ಬರುತ್ತದೆ. ಬರೀ ನೀರಲ್ಲಿ ತೊಳೆದು, ಒದ್ದೆ ಉಳಿಯದಂತೆ ಒರೆಸಿ, ಅಂಟುಪಟ್ಟಿಯ ತೂತನ್ನು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ಮೂರನೇ ಒಂದು ಭಾಗ ತುಂಬಿದಾಗಲೇ ಚೀಲ ಖಾಲಿ ಮಾಡಬೇಕು. ಸ್ಟೋಮಾ ಕೆಂಪಗೆ, ಒದ್ದೆಯಾಗಿದ್ದರೆ ಗಾಬರಿ ಬೇಡ. ಅದಕ್ಕೆ ನೋವೂ ತಿಳಿಯುವುದಿಲ್ಲ. ಕಪ್ಪಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಸಣ್ಣಕರುಳಿನ ಸ್ಟೋಮಾ ಆಗಿದ್ದರೆ ಬೇಸಿಗೆಯಲ್ಲಿ ನೀರು, ಉಪ್ಪು ಬೇಗ ಸೋರಿಹೋಗುತ್ತವೆ; ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ ಕೈಗೆಟುಕುವಂತಿರಬೇಕು. ಚೀಲ ಕೊಳ್ಳಲಾಗದವರು ಇಂದಿಗೂ ಹಳೇ ಹತ್ತಿಬಟ್ಟೆ ಮಡಚಿ ಕಟ್ಟಿಕೊಳ್ಳುವುದುಂಟು.

2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರೇ, ಉಪಶಾಮಕ ಆರೈಕೆಯೂ ಅವರ ಕೆಲಸದ ಪಟ್ಟಿಯಲ್ಲಿದೆ. ಅವರಿಗೆ ಸ್ಟೋಮಾ ಆರೈಕೆಯ ತರಬೇತಿ ಕೊಟ್ಟು, ಉಪಕೇಂದ್ರದ ಕಪಾಟಿನಲ್ಲಿ ನಾಲ್ಕಾರು ಅಳತೆಯ ಚೀಲಗಳನ್ನು ಇಟ್ಟರೆ, ಬುಕ್ಕಾಪಟ್ಟಣದ ರೋಗಿ ಒಂದು ಅಂಟುಪಟ್ಟಿಗಾಗಿ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ.