ಊರಿನ ಲೆಕ್ಕ ಬರೆದ ಹುಡುಗರು

1/6
ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ಬಿಕಾಂ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ 50 ಮಂದಿಯ ಸರ್ವೆ ಮಾಡಬೇಕಿತ್ತು. ಮಾಡಿದ್ದೇನು ಗೊತ್ತಾ? ರೂಮಲ್ಲಿ ಕೂತು, ಮೂರು ಥರದ ಪೆನ್ ಹಿಡ್ಕೊಂಡು 50 ಫಾರಂನೂ ನಾವೇ ತುಂಬಿದ್ವಿ. ಪೈ ಚಾರ್ಟ್ ಚಂದ ಬಂತು, ಮಾರ್ಕ್ಸೂ ಬಂತು. ಕೊಟ್ಟೂರು ಸಂತೆಯಲ್ಲಿ ಒಬ್ಬ ವ್ಯಾಪಾರಿಯನ್ನೂ ಮಾತಾಡಿಸಿರಲಿಲ್ಲ. ಆ ರಿಪೋರ್ಟು ಈಗ ಎಲ್ಲಿ ಧೂಳು ತಿಂತಾ ಐತೋ, ಬರೆದ ನಮಗೇ ಬೇಕಾಗಿಲ್ಲ.
ಆದ್ರೆ ನೂರು ವರ್ಷಕ್ಕೂ ಹಿಂದೆ ನಮ್ಮಂಥ ವಿದ್ಯಾರ್ಥಿಗಳು ಮಾಡಿದ ಒಂದು ಸರ್ವೆಯನ್ನ ಸಂಶೋಧಕರು ಇವತ್ತಿಗೂ ತೆಗೆದು ಓದ್ತಾರೆ. ಈ ಸರಣಿ ಅವರ ಬಗ್ಗೆ.

2/6
1915ರಲ್ಲಿ ಗಿಲ್ಬರ್ಟ್ ಸ್ಲೇಟರ್ ಅನ್ನೋರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಬಂದರು. ಅದಕ್ಕೂ ಮೊದಲು ಅವರು ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ಪ್ರಿನ್ಸಿಪಾಲ್. ದುಡಿಯುವ ಜನ ಓದಲಿ ಅಂತ ಶುರುವಾದ ಕಾಲೇಜದು. ಈ ದೇಶದ ಆರ್ಥಿಕತೆ ಅರ್ಥ ಆಗಬೇಕಂದ್ರೆ ಹಳ್ಳಿಯಿಂದ ಶುರು ಮಾಡಬೇಕು ಅನ್ನೋದು ಅವರ ನಿಲುವು.
ಅದಕ್ಕೆ ಅವರು ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು, ನಿಮ್ಮ ನಿಮ್ಮ ಊರಿಗೇ ಹೋಗಿ ಬರೆದುಕೊಂಡು ಬನ್ನಿ ಅಂದರು. ಜಮೀನು ಯಾರದು, ಏನು ಬೆಳೀತಾರೆ, ಕೂಲಿ ಎಷ್ಟು, ಸಾಲ ಎಷ್ಟು, ಮನೆ ಎಂಥದು. ಹುಡುಗರು ಬರೆದು ತಂದಿದ್ದನ್ನ ವಿಶ್ವವಿದ್ಯಾಲಯ ತನ್ನ ಅರ್ಥಶಾಸ್ತ್ರ ಅಧ್ಯಯನ ಮಾಲೆಯ ಮೊದಲ ಸಂಪುಟವಾಗಿ 1918ರಲ್ಲಿ ಹೊರತಂತು. ಹೆಸರು, ‘ಸಮ್ ಸೌತ್ ಇಂಡಿಯನ್ ವಿಲೇಜಸ್’.
ಮದ್ರಾಸ್ ಎಲ್ಲಿ, ನಾವೆಲ್ಲಿ ಅನ್ಬೇಡಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲೇ ಇದ್ವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಲ್ಲಿತನಕ ಮದ್ರಾಸೇ ನಮ್ಮ ರಾಜಧಾನಿ.

3/6
ಆ ಪುಸ್ತಕದಲ್ಲಿ ದೊಡ್ಡ ಥಿಯರಿ ಏನಿಲ್ಲ. ಊರಿನ ಸಾದಾ ಲೆಕ್ಕ. ಮತ್ತೆ ಅದಕ್ಕೆ ಅಷ್ಟು ಬೆಲೆ ಯಾಕೆ?
ಯಾಕಂದ್ರೆ 1936-37ರಲ್ಲಿ ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ ಅವರ ತಂಡ ಅವೇ ಹಳ್ಳಿಗಳಿಗೆ ವಾಪಸ್ ಹೋಯ್ತು. ಏನೇನು ಬದಲಾಗೈತಿ ಅಂತ ಹೋಲಿಸಿ ನೋಡಿ 1940ರಲ್ಲಿ ಪುಸ್ತಕ ಮಾಡಿದ್ರು. 1961ರಲ್ಲಿ ಮಾರ್ಗರೆಟ್ ಹ್ಯಾಸ್ವೆಲ್ ಮತ್ತೆ ಹೋದರು. ತಮಿಳುನಾಡಿನ ಇರುವೇಲ್‌ಪಟ್ಟು ಅನ್ನೋ ಒಂದೇ ಹಳ್ಳಿಗೆ 2008ರಲ್ಲೂ ಸಂಶೋಧಕರು ಹೋಗಿ ಬಂದಾರ.
ಅಂದ್ರೆ ಒಬ್ಬ ವಿದ್ಯಾರ್ಥಿ 1916ರಲ್ಲಿ ನೋಟ್ ಬುಕ್ಕಲ್ಲಿ ಬರೆದದ್ದರಿಂದ ಒಂದು ಊರಿನ 92 ವರ್ಷದ ಕಥೆ ಉಳೀತು. ಜಮೀನು ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಜೀತ ಹೋಗಿ ಕೂಲಿ ಹೆಂಗ್ ಬಂತು ಅನ್ನೋದನ್ನ ಬಾಯಿಮಾತಲ್ಲಲ್ಲ, ಲೆಕ್ಕದಲ್ಲಿ ಹೇಳಬಹುದು. ಮೊದಲ ಸಾಲು ಬರೆದಿಟ್ಟೋರು ಇಲ್ದಿದ್ರೆ ಎರಡನೇ ಸಾಲಿಗೆ ಅರ್ಥಾನೇ ಇರ್ತಿರಲಿಲ್ಲ.

4/6
ಹಂಗಂತ ಅವರನ್ನ ಪೂರ್ತಿ ಹೊಗಳೋದೂ ಬೇಡ. ಆಗ ಮದ್ರಾಸಿಗೆ ಹೋಗಿ ಡಿಗ್ರಿ ಓದ್ತಿದ್ದೋರು ಹೆಚ್ಚಾಗಿ ಜಮೀನಿದ್ದ, ಮೇಲ್ಜಾತಿ ಮನೆಗಳ ಗಂಡುಮಕ್ಕಳು. ಕಟ್ಟೆ ಮೇಲೆ ಕೂತವರಿಗೆ ಕಾಣೋ ಊರೇ ಬೇರೆ, ಹೊಲದಲ್ಲಿ ಬಗ್ಗಿದವರಿಗೆ ಕಾಣೋ ಊರೇ ಬೇರೆ. ಕೂಲಿ ಎಷ್ಟು ಅಂತ ಕೊಡೋರನ್ನ ಕೇಳಿದ್ರೆ ಒಂದು ಉತ್ತರ, ತಗೊಳ್ಳೋರನ್ನ ಕೇಳಿದ್ರೆ ಇನ್ನೊಂದು.
ನಮ್ಮ ಕ್ಲಾಸು ನೋಡಿ. ಅರ್ಧಕ್ಕಿಂತ ಜಾಸ್ತಿ ಹುಡುಗೀರು. ಮನೆಯಲ್ಲಿ ಮೊದಲ ಡಿಗ್ರಿ ನಮ್ಮದೇ. ಅಪ್ಪ-ಅಮ್ಮ ಗುಳೆ ಹೋದಾಗ ಅಜ್ಜಿ ಹತ್ರ ಬೆಳೆದವರಿದ್ದಾರೆ, ತಾಂಡಾದಿಂದ ಬಸ್ ಹತ್ತಿ ಬರೋರಿದ್ದಾರೆ. ಆ ಹುಡುಗರಿಗೆ ಕಾಣದೆ ಹೋದ ಊರು ನಮ್ಮ ಮನೆಯೊಳಗೇ ಐತಿ. ನಾವೋ, ರೂಮಲ್ಲಿ ಕೂತು ಫಾರಂ ತುಂಬ್ತೀವಿ!

5/6
ಬರೆದ್ರೆ ಸಾಲದು, ಅದು ಅಚ್ಚಾಗೋಕೆ ಒಂದು ಪತ್ರಿಕೆನೂ ಬೇಕಲ್ಲ. ಅದಕ್ಕೂ ನಮ್ಮಲ್ಲೇ ದಾರಿ ಐತಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಶುರು ಮಾಡ್ತು. ಮುಂದೆ ನಿಂತವರು ಎ.ಆರ್. ಕೃಷ್ಣಶಾಸ್ತ್ರಿಗಳು. ಒಂದು ಕಾಲೇಜು ಸಂಘದ ಪತ್ರಿಕೆ ಬೆಳೆದು ಆಮೇಲೆ ಮೈಸೂರು ವಿಶ್ವವಿದ್ಯಾಲಯದ ಪತ್ರಿಕೆ ಆಯ್ತು. ಇವತ್ತು ಅಮೆರಿಕದಲ್ಲಿ ‘ಬರ್ಕ್ಲಿ ಎಕನಾಮಿಕ್ ರಿವ್ಯೂ’ ಅಂತ ಐತಿ. ಬರೆಯೋರು, ತಿದ್ದೋರು, ನಡೆಸೋರು ಎಲ್ಲ ಡಿಗ್ರಿ ವಿದ್ಯಾರ್ಥಿಗಳೇ. ಅವರಿಗೆ ಆಗೋದು ನಮಗೆ ಆಗಲ್ಲ ಅಂತ ಯಾರು ಹೇಳಿದ್ರು?

6/6
ಮೈಲಾರದ ಕಾರ್ಣಿಕ ನಮಗೆಲ್ಲ ಗೊತ್ತು. ಗೊರವಯ್ಯ ಬಿಲ್ಲು ಏರಿ ಒಂದು ಸಾಲು ನುಡೀತಾನೆ. ಮಳೆ, ಬೆಳೆ ಹೆಂಗಾಗ್ತೈತಿ ಅಂತ ನಾವು ವರ್ಷವಿಡೀ ಅರ್ಥ ಹುಡುಕ್ತೀವಿ. ಮುಂದಿನದನ್ನ ಕೇಳೋಕೆ ಲಕ್ಷಾಂತರ ಜನ ಸೇರೋ ನಾಡು ನಮ್ಮದು. ಹಿಂದಿನದನ್ನ ಬರೆದಿಡೋಕೆ ನಾಲ್ಕು ಜನ ಆದ್ರೂ ಬೇಡ್ವಾ?
ಹೋದ ಭಾನುವಾರ ನಾನು ಅಜ್ಜಿಯಿಂದಲೇ ಶುರು ಮಾಡಿದೆ. ಶೇಂಗಾ ಕೀಳೋಕೆ ಹೋದಾಗ ಕೂಲಿ ಎಷ್ಟಿತ್ತು ಅಂದೆ. ಅಜ್ಜಿ ನಕ್ಕಳು. “ರೊಕ್ಕ ಎಲ್ಲಿದ್ದೋ, ಕಿತ್ತ ಶೇಂಗಾದಾಗೇ ನಮ್ ಪಾಲು ಅಳದು ಕೊಡ್ತಿದ್ರು” ಅಂದಳು. ಅಳೆಯೋ ಸೇರು ಯಾರದು ಅಂತ ಕೇಳಿದೆ. “ಗೌಡ್ರದೇ.” ಎರಡು ಸೆಮಿಸ್ಟರ್ ಎಕನಾಮಿಕ್ಸ್ ಓದಿದ್ರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.
ಪ್ಲಾನ್ ಇಷ್ಟೇ. ಐದು ತಾಲ್ಲೂಕು, ತಾಲ್ಲೂಕಿಗೊಂದು ಹಳ್ಳಿ, ಎಂಟು ಪುಟದ ಪಿಡಿಎಫ್ ಪತ್ರಿಕೆ. ಹಡಗಲಿಯವರು ಮಲ್ಲಿಗೆ ಲೆಕ್ಕ ಬರೀರಿ: ಕಟ್ಟಿದವರ ಕೈಗೆಷ್ಟು, ಮಾರಿದವರಿಗೆಷ್ಟು. ಹರಪನಹಳ್ಳಿಯವರು ಗುಳೆ ಹೋಗಿ ಬಂದೋರ ಲೆಕ್ಕ. ಬೊಮ್ಮನಹಳ್ಳಿಯವರು ಮೆಕ್ಕೆಜೋಳದ ಖರ್ಚು-ಆದಾಯ. ಕೂಡ್ಲಿಗಿಯವರು ಮಹಿಳಾ ಸಂಘದ ಸಾಲದ ಕಂತು. ಕೊಟ್ಟೂರು ಸಂತೆ ನನ್ನದು, ಅದು ಹಳೇ ಬಾಕಿ.
ಒಂದೇ ರೂಲ್: ಫಾರಂ ರೂಮಲ್ಲಿ ತುಂಬಂಗಿಲ್ಲ.
ಬರೋರು ಕಾಮೆಂಟಲ್ಲಿ ನಿಮ್ಮ ತಾಲ್ಲೂಕಿನ ಹೆಸರು ಹಾಕಿ. ಬರದವರು ಇವತ್ತು ರಾತ್ರಿ ಅಜ್ಜಿನ ಒಂದು ಪ್ರಶ್ನೆ ಕೇಳಿ, ತಾರೀಖು ಹಾಕಿ ಬರೆದಿಡಿ.

#ಊರಿನಲೆಕ್ಕ #ಕೊಟ್ಟೂರು #ಕೂಡ್ಲಿಗಿ #ಹಡಗಲಿ #ಹರಪನಹಳ್ಳಿ #ಹಗರಿಬೊಮ್ಮನಹಳ್ಳಿ #ಬಿಕಾಂ