ಕಾಣದ ಓದುಗರ ಪ್ರತಿಕ್ರಿಯೆ: ನಾಲ್ಕನೆಯ ಸುವಾರ್ತೆಯ ‘ಬಹಿಷ್ಕಾರ’ವನ್ನು ಕುರಿತ ಒಂದು ಊಹೆಯ ಚರಿತ್ರೆ

ಹುಟ್ಟುಕುರುಡನು ದೃಷ್ಟಿ ಪಡೆದ ವೃತ್ತಾಂತದಲ್ಲಿ ಅವನ ತಂದೆತಾಯಿಗಳು ವಿಚಾರಣೆಗೆ ಅಂಜಿ, ನೇರವಾದ ಉತ್ತರ ಕೊಡದೆ ಜಾರಿಕೊಳ್ಳುತ್ತಾರೆ. ಯೇಸುವನ್ನು ಕ್ರಿಸ್ತನೆಂದು ಒಪ್ಪಿಕೊಂಡವರನ್ನು ಸಭಾಮಂದಿರದಿಂದ ಹೊರಗೆ ಹಾಕಬೇಕೆಂದು ಆಗಲೇ ಗೊತ್ತುಮಾಡಲಾಗಿತ್ತೆಂಬುದು ಸುವಾರ್ತಿಕನು ಕೊಡುವ ಕಾರಣ. ಇಲ್ಲಿ ಬಳಕೆಯಾಗಿರುವ ‘ಅಪೊಸುನಗೋಗೋಸ್’ ಎಂಬ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಈ ಸುವಾರ್ತೆಯ ಮೂರು ಕಡೆ ಮಾತ್ರ ಬರುತ್ತದೆ (ಯೋಹಾ. 9:22, 12:42, 16:2). ಬಹುಮಟ್ಟಿಗೆ ಈ ಮೂರು ಉಲ್ಲೇಖಗಳನ್ನೇ ಬುನಾದಿಯಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಒಂದು ಇಡೀ ಸಭೆಯ ಚರಿತ್ರೆಯನ್ನು ಕಟ್ಟಿದರು. ಆ ಕಟ್ಟಡವು ಹೇಗೆ ಎದ್ದಿತು, ಅದರ ಯಾವ ಕಂಬಗಳು ಸಡಿಲಗೊಂಡವು, ವಾಕ್ಯವನ್ನು ಬೋಧಿಸುವ ನಾವು ಅದರಿಂದ ಏನನ್ನು ಕಲಿಯಬೇಕು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1968ರಲ್ಲಿ ಜೆ. ಲೂಯಿಸ್ ಮಾರ್ಟಿನ್ ಅವರು ನಾಲ್ಕನೆಯ ಸುವಾರ್ತೆಯ ಚರಿತ್ರೆ ಮತ್ತು ದೇವಶಾಸ್ತ್ರವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಒಂಬತ್ತನೆಯ ಅಧ್ಯಾಯವು ಎರಡು ನೆಲೆಗಳಲ್ಲಿ ನಡೆಯುವ ನಾಟಕವೆಂಬುದು ಅವರ ವಾದ. ಮೇಲ್ನೋಟಕ್ಕೆ ಅದು ಯೇಸುವಿನ ಕಾಲದ ಘಟನೆ. ಒಳನೆಲೆಯಲ್ಲಿ, ಒಂದನೆಯ ಶತಮಾನದ ಕೊನೆಯಲ್ಲಿ ಸುವಾರ್ತಿಕನ ಪಟ್ಟಣದ ಯೆಹೂದಿ ವಿಶ್ವಾಸಿಗಳು ತಮ್ಮ ಸಭಾಮಂದಿರದಿಂದ ತಳ್ಳಲ್ಪಟ್ಟ ಅನುಭವ. ಮೊದಲ ಶ್ರೋತೃಗಳು ದೃಷ್ಟಿ ಪಡೆದವನಲ್ಲಿ ತಮ್ಮನ್ನೇ ಕಂಡುಕೊಂಡರೆಂದು ಅವರು ತಿಳಿದರು. ಈ ತಳ್ಳುವಿಕೆಯ ಹಿಂದೆ, ಯವ್ನೆಯಲ್ಲಿ ರಬ್ಬಾನ್ ಗಮಲಿಯೇಲನ ಕಾಲದಲ್ಲಿ ರೂಪುಗೊಂಡಿತೆನ್ನಲಾದ, ‘ಮಿನೀಮ್’ ಅಂದರೆ ದಾರಿತಪ್ಪಿದವರ ವಿರುದ್ಧವಾದ ಪ್ರಾರ್ಥನೆಯನ್ನು ಅವರು ಗುರುತಿಸಿದರು. 1979ರಲ್ಲಿ ರೇಮಂಡ್ ಬ್ರೌನ್ ಅವರು ಇದೇ ಜಾಡಿನಲ್ಲಿ ಮುಂದೆ ಸಾಗಿ, ಆ ಸಭೆಯ ಬೆಳವಣಿಗೆಯನ್ನು ಹಂತಹಂತವಾಗಿ ವಿವರಿಸಿದರು.

ಮಾರ್ಟಿನ್ ಅವರ ವಿಧಾನದ ಸ್ವರೂಪವನ್ನು ಗಮನಿಸಬೇಕು. ಆ ಶ್ರೋತೃಗಳಲ್ಲಿ ಒಬ್ಬರೂ ತಮ್ಮ ಪ್ರತಿಕ್ರಿಯೆಯನ್ನು ಬರೆದಿಟ್ಟಿಲ್ಲ. ನಮ್ಮ ಕೈಯಲ್ಲಿರುವುದು ಸುವಾರ್ತೆಯ ಪಾಠವೊಂದೇ. ಅದರಿಂದ ಹಿಂದಕ್ಕೆ ನಡೆದು ಕಾಣದ ಸಂಗತಿಯನ್ನು ಊಹಿಸಬೇಕಾಗಿದೆ. ಇಂಥ ನಡೆ ರಸಾಯನಶಾಸ್ತ್ರದಲ್ಲಿಯೂ ಉಂಟು. ಜಲಜನಕ ಮತ್ತು ಅಯೋಡಿನ್ ಅನಿಲಗಳು ಸೇರುವ ಪ್ರತಿಕ್ರಿಯೆಯನ್ನು 1890ರ ದಶಕದಲ್ಲಿ ಮಾಕ್ಸ್ ಬೋಡೆನ್‌ಸ್ಟೈನ್ ಅವರು ಅಳೆದರು. ಅದರ ವೇಗವು ಎರಡರ ಸಾರತೆಗೂ ಅನುಗುಣವಾಗಿ ಏರುತ್ತಿತ್ತು. ಆದುದರಿಂದ ಎರಡರ ಅಣುಗಳು ನೇರವಾಗಿ ಒಂದಕ್ಕೊಂದು ತಾಗಿ ಕೂಡುತ್ತವೆಂದು ಎಲ್ಲರೂ ನಂಬಿದರು. ದಶಕಗಳ ಕಾಲ ಪಠ್ಯಪುಸ್ತಕಗಳು ಇದನ್ನೇ ಆದರ್ಶ ನಿದರ್ಶನವಾಗಿ ಕಲಿಸಿದವು. ಆದರೆ ಅಯೋಡಿನ್ ಅಣು ಮೊದಲು ಎರಡು ಪರಮಾಣುಗಳಾಗಿ ಒಡೆದು, ಬಳಿಕ ಆ ಪರಮಾಣುಗಳು ಜಲಜನಕದೊಡನೆ ಕೂಡಿದರೂ ಅದೇ ವೇಗನಿಯಮವು ದೊರೆಯುತ್ತದೆ. 1967ರಲ್ಲಿ ಜಾನ್ ಸಲಿವನ್ ಅವರು ಬೆಳಕಿನಿಂದ ಅಯೋಡಿನನ್ನು ಒಡೆದು ಪ್ರಯೋಗ ನಡೆಸಿ, ಪರಮಾಣುಗಳ ಪಾತ್ರವನ್ನು ತೋರಿಸಿದರು. ಬೋಡೆನ್‌ಸ್ಟೈನ್ ಅವರ ಅಳತೆ ತಪ್ಪಾಗಿರಲಿಲ್ಲ. ಒಂದೇ ಅಳತೆಗೆ ಎರಡು ಕ್ರಿಯಾವಿಧಾನಗಳು ಹೊಂದುತ್ತಿದ್ದವು. ಒಂದನ್ನು ಮಾತ್ರ ನೋಡಿದವರು ಅದನ್ನೇ ವಾಸ್ತವವೆಂದು ಕರೆದರು. ಊಹೆಯು ಸಾಕ್ಷ್ಯಕ್ಕೆ ಹೊಂದಿಕೊಂಡ ಮಾತ್ರಕ್ಕೆ ಸ್ಥಾಪಿತವಾಗುವುದಿಲ್ಲ. ಅದೇ ಸಾಕ್ಷ್ಯಕ್ಕೆ ಹೊಂದುವ ಬೇರೆ ಊಹೆಗಳನ್ನು ಎದುರಿಸಿ ನಿಲ್ಲಬೇಕು.

ಮಾರ್ಟಿನ್ ಅವರ ಊಹೆಯು ಅಂಥ ಪರೀಕ್ಷೆಯನ್ನು ಎದುರಿಸಬೇಕಾಯಿತು. ಯವ್ನೆಯ ಪ್ರಾರ್ಥನೆಯ ವೃತ್ತಾಂತವು ನಮಗೆ ದೊರೆಯುವುದು ಬಾಬಿಲೋನಿನ ತಾಲ್ಮೂದಿನಲ್ಲಿ (ಬೆರಾಖೋತ್ 28ಬಿ). ಆ ಸಂಕಲನವು ಹಲವು ಶತಮಾನಗಳ ಅನಂತರದ್ದು. ಆ ಪ್ರಾರ್ಥನೆಯಲ್ಲಿ ‘ನೊತ್ಸ್ರೀಮ್’ ಎಂಬ, ಕ್ರೈಸ್ತರನ್ನು ಸೂಚಿಸಬಲ್ಲ ಪದವುಳ್ಳ ಪಾಠವನ್ನು 1898ರಲ್ಲಿ ಸೊಲೊಮನ್ ಶೆಕ್ಟರ್ ಅವರು ಕೈರೋದ ಗೆನೀಜಾ ಹಸ್ತಪ್ರತಿಗಳಿಂದ ಪ್ರಕಟಿಸಿದರು. ಆ ಪದವು ಮೊದಲಿನಿಂದಲೂ ಅಲ್ಲಿತ್ತೆಂಬುದಕ್ಕೆ ಆಧಾರವಿಲ್ಲವೆಂದು 1981ರಲ್ಲಿ ರೂವೆನ್ ಕಿಮೆಲ್ಮನ್ ಅವರು ವಾದಿಸಿದರು. ಎರಡನೆಯ ಶತಮಾನದ ನಡುಭಾಗದಲ್ಲಿ ಹುತಾತ್ಮ ಜಸ್ಟಿನನು, ಕ್ರಿಸ್ತನನ್ನು ನಂಬಿದವರನ್ನು ಸಭಾಮಂದಿರಗಳಲ್ಲಿ ಶಪಿಸುತ್ತಾರೆಂದು ದೂರುವುದು ನಿಜ. ಘರ್ಷಣೆ ಇತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ 386–387ರಲ್ಲಿ ಅಂತಿಯೋಕ್ಯದ ಜಾನ್ ಕ್ರಿಸೋಸ್ಟಮನು ತನ್ನ ಸಭೆಯವರೇ ಸಭಾಮಂದಿರಕ್ಕೂ ಯೆಹೂದಿ ಹಬ್ಬಗಳಿಗೂ ಹೋಗುತ್ತಿರುವುದನ್ನು ಕಟುವಾಗಿ ಖಂಡಿಸಿದನು. ಮೊದಲ ಶತಮಾನದಲ್ಲಿಯೇ ಬಾಗಿಲು ಎಲ್ಲೆಡೆಯೂ ಮುಚ್ಚಿಹೋಗಿದ್ದರೆ ಈ ಖಂಡನೆಗೆ ಅವಕಾಶವೇ ಇರುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ ಸುವಾರ್ತೆಯ ಒಳಗಿನಿಂದಲೇ ಬಂದಿತು. ಯೆಹೂದಿ ವಿದುಷಿ ಅಡೆಲ್ ರೈನ್‌ಹಾರ್ಟ್ಸ್ ಅವರು ಎರಡು ನೆಲೆಗಳ ಓದನ್ನು ಹನ್ನೊಂದು, ಹನ್ನೆರಡನೆಯ ಅಧ್ಯಾಯಗಳಿಗೂ ಅನ್ವಯಿಸಿ ನೋಡಿದರು. ಲಾಜರನು ಸತ್ತಾಗ ಅನೇಕ ಯೆಹೂದ್ಯರು ಮಾರ್ಥಳನ್ನೂ ಮರಿಯಳನ್ನೂ ಸಂತೈಸಲು ಬರುತ್ತಾರೆ (11:19). ಈ ಸಹೋದರಿಯರು ಯೇಸುವಿನ ಆಪ್ತರೆಂಬುದು ಗುಟ್ಟೇನಲ್ಲ. ಇದೂ ಸುವಾರ್ತಿಕನ ಸಭೆಯ ಪ್ರತಿಬಿಂಬವಾದರೆ, ಅಲ್ಲಿ ಕಾಣುವುದು ಬಹಿಷ್ಕಾರವಲ್ಲ, ನೆರೆಹೊರೆಯ ಸಂಬಂಧ. ಒಂದೇ ವಿಧಾನವು ಒಂದೇ ಪುಸ್ತಕದಿಂದ ಪರಸ್ಪರ ವಿರುದ್ಧವಾದ ಚಿತ್ರಗಳನ್ನು ಕೊಟ್ಟರೆ, ಒಂಬತ್ತನೆಯ ಅಧ್ಯಾಯವನ್ನು ಮಾತ್ರ ಚರಿತ್ರೆಯ ಕಿಟಕಿಯಾಗಿ ಆರಿಸಿಕೊಳ್ಳಲು ನಮಗೆ ಯಾವ ಅಧಿಕಾರವಿದೆ?

ಇದೇ ಕಾಲದಲ್ಲಿ ಸಾಹಿತ್ಯ ಮೀಮಾಂಸೆಯೂ ಓದುಗನ ಕಡೆಗೆ ತಿರುಗಿತ್ತು. 1967ರಲ್ಲಿ ಕಾನ್‌ಸ್ಟನ್ಸ್ ವಿಶ್ವವಿದ್ಯಾಲಯದಲ್ಲಿ ಹಾನ್ಸ್ ರಾಬರ್ಟ್ ಯೌಸ್ ಅವರು, ಕೃತಿಯ ಚರಿತ್ರೆಯನ್ನು ಅದರ ಓದುಗರ ನಿರೀಕ್ಷೆಗಳ ದಿಗಂತದಲ್ಲಿ ಅರಿಯಬೇಕೆಂದು ಪ್ರತಿಪಾದಿಸಿದರು. ಅವರ ಸಹೋದ್ಯೋಗಿ ವೋಲ್ಫ್‌ಗಾಂಗ್ ಈಸರ್ ಅವರು 1972ರಲ್ಲಿ ‘ಅಂತರ್ಗತ ಓದುಗ’ನ ಪರಿಕಲ್ಪನೆಯನ್ನು ಮುಂದಿಟ್ಟರು. ಈ ಓದುಗನು ಪಾಠದೊಳಗಿನ ಒಂದು ರಚನೆಯೇ ಹೊರತು ಯಾವುದೋ ಪಟ್ಟಣದಲ್ಲಿ ಬಾಳಿದ ವ್ಯಕ್ತಿಯಲ್ಲ. ಯೋಹಾನನ ಸುವಾರ್ತೆಯ ಅಂತರ್ಗತ ಓದುಗನಿಗೆ ‘ರಬ್ಬಿ’, ‘ಮೆಸ್ಸೀಯ’ ಎಂಬ ಪದಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿದೆ (1:38, 41). ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿಲ್ಲವೆಂದು ತಿಳಿಸಬೇಕಾಗಿದೆ (4:9). ಸಭಾಮಂದಿರದಲ್ಲಿ ಬೆಳೆದು ಅಲ್ಲಿಂದ ತಳ್ಳಲ್ಪಟ್ಟವರಿಗೆ ಇಂಥ ವಿವರಣೆಗಳು ಬೇಕಿರಲಿಲ್ಲ. ಸುವಾರ್ತೆಗಳು ಒಂದೊಂದು ಸ್ಥಳೀಯ ಸಭೆಗೆಂದಲ್ಲ, ಎಲ್ಲ ಕ್ರೈಸ್ತರ ಓದಿಗೆಂದು ಬರೆಯಲ್ಪಟ್ಟವೆಂದು 1998ರಲ್ಲಿ ರಿಚರ್ಡ್ ಬಾಕಮ್ ಅವರು ವಾದಿಸಿದರು.

ಈ ಚರ್ಚೆಯು ಪಂಡಿತರ ಕೊಠಡಿಯಲ್ಲಿಯೇ ಮುಗಿಯುವಂಥದಲ್ಲ. ಎರಡನೆಯ ಮಹಾಯುದ್ಧದಲ್ಲಿ ನಡೆದ ಯೆಹೂದ್ಯರ ಸಂಹಾರದ ಅನಂತರ ಕ್ರೈಸ್ತ ಲೋಕವು ತನ್ನ ಮಾತುಗಳನ್ನು ತೂಗಿ ನೋಡತೊಡಗಿತು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ‘ನೋಸ್ತ್ರಾ ಎತಾತೆ’ ಘೋಷಣೆಯನ್ನು ಹೊರಡಿಸಿತು. ಇಂಥ ಹೊತ್ತಿನಲ್ಲಿ ಮಾರ್ಟಿನ್ ಅವರ ಊಹೆಯು ಅನೇಕರಿಗೆ ಸಮಾಧಾನ ತಂದಿತು. ‘ಯೆಹೂದ್ಯರ’ ಬಗ್ಗೆ ಈ ಸುವಾರ್ತೆಯಲ್ಲಿರುವ ಕಠಿಣ ಮಾತುಗಳನ್ನು (8:44) ಮನೆಯಿಂದ ಹೊರದೂಡಲ್ಪಟ್ಟವರ ನೋವಿನ ಮಾತುಗಳೆಂದು ವಿವರಿಸಲು ಸಾಧ್ಯವಾಯಿತು. ಆದರೆ ಆ ವಿವರಣೆಯು ಮತ್ತೊಂದು ಹೊರೆಯನ್ನು ಯೆಹೂದ್ಯರ ಹೆಗಲಿಗೇರಿಸಿತು: ಮೊದಲು ಹೊರದೂಡಿದವರು ಅವರೇ, ನಮ್ಮವರ ಕಟುನುಡಿ ಬರಿಯ ಪ್ರತಿಕ್ರಿಯೆ. ಒಂದು ಜನಾಂಗದ ಮೇಲೆ ಹೊರಿಸುವ ಈ ಕಾರಣಕ್ಕೆ ಒಂದು ಊಹೆಯೇ ಆಧಾರವಾದರೆ, ಅದನ್ನು ನಿಶ್ಚಯವೆಂಬಂತೆ ಬೋಧಿಸುವುದು ನೆರೆಯವನ ಮೇಲೆ ಸಾಕ್ಷಿ ಹೇಳುವ ವಿಷಯದಲ್ಲಿ ನಮಗಿರುವ ಆಜ್ಞೆಗೆ ಒಪ್ಪುವುದೇ?

ಕನ್ನಡ ಓದುಗರಾದ ನಮಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. ಬಹಿಷ್ಕಾರವೆಂಬ ಮಾತು ನಮಗೆ ಅಪರಿಚಿತವಲ್ಲ. ಬಾವಿಯ ನೀರು, ಪಂಕ್ತಿಯ ಊಟ, ಮದುವೆಯ ಸಂಬಂಧ ಇವೆಲ್ಲವೂ ಒಂದೇ ದಿನದಲ್ಲಿ ಕಡಿದುಹೋಗುವುದೆಂದರೇನೆಂದು ನಮ್ಮ ಸಮಾಜಕ್ಕೆ ಗೊತ್ತು. ಆದುದರಿಂದಲೇ ಮಾರ್ಟಿನ್ ಅವರ ಚಿತ್ರವು ನಮಗೆ ಸಹಜವಾಗಿ ತೋರುತ್ತದೆ. ನಮ್ಮ ಅನುಭವದ ಪರಿಚಯವು ಅನ್ಯಕಾಲದ ಸಂಗತಿಗೆ ಪ್ರಮಾಣವಾಗಲಾರದು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದಾಗ ಎದ್ದ ಕೋಲಾಹಲವನ್ನು ಸಹ ನಾವು ಬಹುಮಟ್ಟಿಗೆ ಬಾಸೆಲ್ ಮಿಶನರಿಗಳ ಬರಹಗಳಿಂದಲೇ ಅರಿಯುತ್ತೇವೆ. ಒಂದು ಪಕ್ಷದ ಲೇಖನಿಯು ಇನ್ನೊಂದು ಪಕ್ಷದ ಪ್ರತಿಕ್ರಿಯೆಯನ್ನು ನಮಗೆ ಹೇಳುತ್ತದೆ. ದಾಖಲೆಗಳಿರುವ ಕಾಲಕ್ಕೇ ಈ ಎಚ್ಚರ ಬೇಕಾದರೆ, ದಾಖಲೆಯಿಲ್ಲದ ಕಾಲಕ್ಕೆ ಎಷ್ಟು ಬೇಕು!

ಹಾಗಾದರೆ ಊಹೆಯನ್ನು ತೊರೆಯಬೇಕೆ? ಬೇಡ. ಮಾರ್ಟಿನ್ ಅವರು ಪ್ರಶ್ನೆ ಕೇಳದಿದ್ದರೆ ಸುವಾರ್ತೆಯ ಹಿಂದೆ ಉಸಿರಾಡುವ ಜನರಿದ್ದರೆಂಬುದನ್ನು ನಾವು ಮರೆಯುತ್ತಿದ್ದೆವು. ಊಹೆಯನ್ನು ಊಹೆಯೆಂದೇ ಕರೆದು, ಅದಕ್ಕೆ ಎದುರಾದ ಸಾಕ್ಷ್ಯವನ್ನೂ ಜೊತೆಯಲ್ಲಿಯೇ ಹೇಳುವುದು ನಮ್ಮ ಕರ್ತವ್ಯ. ಬಹಿಷ್ಕೃತನಾದ ಒಬ್ಬ ವಿಶ್ವಾಸಿಗೆ ಈ ಅಧ್ಯಾಯವು ಕೊಡುವ ಸಾಂತ್ವನಕ್ಕೆ ಯವ್ನೆಯ ನಿರ್ಣಯದ ಆಧಾರ ಬೇಕಿಲ್ಲ. ಅವನನ್ನು ಹೊರಗೆ ಹಾಕಿದರೆಂದು ಯೇಸು ಕೇಳಿ ಅವನನ್ನು ಕಂಡುಕೊಂಡನೆಂಬುದು ಪಾಠದಲ್ಲಿಯೇ ಇದೆ (9:35). ಪೀಠದಿಂದ ನಾವು ನಿಶ್ಚಯವಾಗಿ ಸಾರಬೇಕಾದುದು ಅದನ್ನು. ಹೊರಗೆ ಹಾಕಿದವರು ಯಾರೆಂಬ ಪ್ರಶ್ನೆಯಲ್ಲಿ ಇಡೀ ಒಂದು ಜನಾಂಗದ ಹೆಸರು ಹೇಳುವ ಮೊದಲು ನಾವು ತಡೆಯಬೇಕು.