ಅಲಗಿನ ದಪ್ಪ, ಚಾಕುವಿನ ಬೆಲೆ: ಮೋರಾ ಚಾಕುವನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

ಕಾಡು, ತೋಟ, ಹೊಳೆದಂಡೆಯ ಕೆಲಸಕ್ಕೆಂದು ಮಡಚದ ಚಾಕು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ಸಂಗತಿ ವಿಚಾರಿಸುತ್ತಾರೆ. ಅಲಗು ಎಷ್ಟು ದಪ್ಪ? ಉಕ್ಕು ಯಾವುದು? ಹಿಡಿಯೊಳಗೆ ಹೋಗುವ ಅಲಗಿನ ಬಾಲ ಕೊನೆಯವರೆಗೂ ಇದೆಯೇ? ಈ ಮೂರೂ ಬೆಲೆ ಏರಿಸುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಕೊಯ್ಯುವ ಗುಣವನ್ನೂ ಅಷ್ಟೇ ಏರಿಸುತ್ತವೆಯೇ ಎಂಬುದು ಇಲ್ಲಿನ ಪ್ರಶ್ನೆ. ಅದನ್ನು ಒರೆಗೆ ಹಚ್ಚಲು ಸ್ವೀಡನ್ನಿನ ಮೋರಾ ಚಾಕು ಅನುಕೂಲದ ಉದಾಹರಣೆ: ತೆಳ್ಳಗಿನ ಅಲಗು, ಸಾಧಾರಣ ಉಕ್ಕು, ಅರ್ಧದಲ್ಲೇ ನಿಲ್ಲುವ ಬಾಲ. ಆದರೂ ಅಗ್ಗದ ಒಳ್ಳೆಯ ಚಾಕು ಎಂದಾಗ ಮೊದಲು ಕೇಳಿಬರುವ ಹೆಸರುಗಳಲ್ಲಿ ಅದೂ ಒಂದು.

ಮೋರಾ ಎಂಬುದು ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ, ಸಿಲ್ಯಾನ್ ಸರೋವರದ ದಡದ ಊರು. ಚಾಕು ತಯಾರಾಗುವುದು ಅದರ ಪಕ್ಕದ ಓಸ್ಟ್‌ನೋರ್ ಹಳ್ಳಿಯಲ್ಲಿ. ಫ್ರಾಸ್ಟ್ ಎರಿಕ್ ಎರ್ಸನ್ ಎಂಬಾತ ಅಮೆರಿಕದಲ್ಲಿ ಕೆಲವು ವರ್ಷ ದುಡಿದು 1891ರಲ್ಲಿ ಊರಿಗೆ ಮರಳಿದ. ಮರದ ದಿಮ್ಮಿ ಸಾಗಿಸುವ ಜಾರುಬಂಡಿಗಳ ಕಾರ್ಖಾನೆ ತೆರೆದ. ಚಾಕುಗಳನ್ನು ಮೊದಮೊದಲು ಮಾಡಿಸಿದ್ದು ಆ ಕಾರ್ಖಾನೆಯ ಕೆಲಸಕ್ಕಾಗಿಯೇ. ಕ್ರಮೇಣ ಜಾರುಬಂಡಿ ಹಿಂದೆ ಸರಿದು ಚಾಕುವೇ ಮುಖ್ಯ ಕಸುಬಾಯಿತು. 1912ರಲ್ಲಿ ಕ್ರಾಂಗ್ ಯೋಹಾನ್ ಎರಿಕ್ಸನ್ ಅದೇ ಹಳ್ಳಿಯಲ್ಲಿ ಪಾಲುದಾರನೊಬ್ಬನ ಜೊತೆ ಇನ್ನೊಂದು ಕಾರ್ಖಾನೆ ಹೂಡಿದ. 2005ರಲ್ಲಿ ಎರಡೂ ಒಂದಾದವು. 2016ರಿಂದ ಕಂಪನಿಯ ಹೆಸರು ಮೋರಾಕ್ನೀವ್. ಬೆಲೆಯ ಚರ್ಚೆಗೆ ಈ ಇತಿಹಾಸದಲ್ಲಿ ಮುಖ್ಯವಾದದ್ದು ಒಂದೇ: ಇದು ಕೂಲಿ ಕೆಲಸದವರ ಉಪಕರಣವಾಗಿ ಹುಟ್ಟಿತು. ಬಡಗಿ, ಮೀನುಗಾರ, ಕಟ್ಟಡ ಕಾರ್ಮಿಕ ಇವರ ಕೈಗೆಟುಕುವ ಬೆಲೆ ಮೊದಲು ನಿಗದಿಯಾಯಿತು. ಚಾರಣಿಗರು ಬಂದದ್ದು ಆಮೇಲೆ.

ಇನ್ನು ಅಳತೆಗೆ ಬರೋಣ. ಮೋರಾದ ಕಂಪ್ಯಾನಿಯನ್ ಮಾದರಿಯ ಸ್ಟೇನ್‌ಲೆಸ್ ಚಾಕುವಿನ ಅಲಗು 104 ಮಿ.ಮೀ. ಉದ್ದ, 2.5 ಮಿ.ಮೀ. ದಪ್ಪ. ಅಲಗಿನ ಬಹುಭಾಗ ಚಪ್ಪಟೆ; ಬಾಯಿಯ ಹತ್ತಿರ ಮಾತ್ರ ಎರಡೂ ಬದಿಯಿಂದ ನೇರ ಇಳಿಜಾರು ಮಸೆದಿರುತ್ತಾರೆ. ಎರಡೂ ಬದಿ ಸೇರಿ ಕೋನ ಸುಮಾರು 25 ಡಿಗ್ರಿ ಎಂದಿಟ್ಟುಕೊಂಡರೆ ಇಳಿಜಾರಿನ ಅಗಲ ಐದೂವರೆ ಮಿ.ಮೀ. ಆಸುಪಾಸು ಬರುತ್ತದೆ. ಬಾಯಿಯಿಂದ 3 ಮಿ.ಮೀ. ಮೇಲೆ ಅಲಗಿನ ದಪ್ಪ 1.3 ಮಿ.ಮೀ. ಅಷ್ಟೇ. ಈಗ 40 ಡಿಗ್ರಿಗೆ ಮಸೆದ, 5 ಮಿ.ಮೀ. ದಪ್ಪದ ‘ಸರ್ವೈವಲ್’ ಚಾಕುವೊಂದನ್ನು ಊಹಿಸಿಕೊಳ್ಳಿ. ಅದೇ ಎತ್ತರದಲ್ಲಿ ಅದರ ದಪ್ಪ 2.2 ಮಿ.ಮೀ. ಆಗುತ್ತದೆ. ಬೆತ್ತ ಸೀಳುವಾಗ, ಕಡ್ಡಿಯ ತುದಿ ಚೂಪು ಮಾಡುವಾಗ ಕೈಗೆ ತಾಗುವ ಪ್ರತಿರೋಧದಲ್ಲಿ ಈ ವ್ಯತ್ಯಾಸದ್ದೇ ದೊಡ್ಡ ಪಾಲು. ಎರಡೂ ಕೂದಲು ಕತ್ತರಿಸುವಷ್ಟು ಹರಿತವಾಗಿರಬಹುದು. ಆದರೆ ಒಂದು ಮರದೊಳಗೆ ಇಳಿಯುತ್ತದೆ, ಇನ್ನೊಂದು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ.

ಹಾಗಾದರೆ ದಪ್ಪದಿಂದ ಸಿಗುವುದೇನು? ಪಟ್ಟಿಯೊಂದು ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು, ತೂಕ ಎರಡು ಪಟ್ಟು. ಚಾಕುವನ್ನು ಸನ್ನೆಕೋಲಾಗಿ ಬಳಸಿ ಏನನ್ನಾದರೂ ಮೀಟುವುದಿದ್ದರೆ, ಬೆನ್ನಿಗೆ ಕೊರಡಿನಿಂದ ಬಡಿದು ದಿನವೂ ಸೌದೆ ಸೀಳುವುದಿದ್ದರೆ ಆ ಬಿಗುವು ಬೇಕು. ಬಾಲವನ್ನು ಹಿಡಿಯ ಕೊನೆಯವರೆಗೆ ಒಯ್ಯುವುದರ ಉದ್ದೇಶವೂ ಇದೇ. ಮೋರಾದವರೇ 2016ರಲ್ಲಿ ಪೂರ್ಣ ಬಾಲದ, 3.2 ಮಿ.ಮೀ. ದಪ್ಪದ ಗಾರ್ಬರ್ಗ್ ಮಾದರಿ ತಂದರು. ಬೆಲೆ ಕಂಪ್ಯಾನಿಯನ್‌ಗಿಂತ ಹಲವು ಪಟ್ಟು. ಆ ಹೆಚ್ಚುವರಿ ಹಣ ಹರಿತಕ್ಕೆ ಕೊಟ್ಟದ್ದಲ್ಲ, ಒರಟು ಬಳಕೆಯ ವಿಮೆಗೆ ಕೊಟ್ಟದ್ದು ಎಂಬುದು ನನ್ನ ಅಭಿಪ್ರಾಯ. ವಿಮೆ ಬೇಕಾದವರು ಮಾಡಿಸಲಿ, ಬೇಡವೆನ್ನುವುದಿಲ್ಲ.

ಉಕ್ಕಿನ ಹೆಸರುಗಳ ಮೋಹದ ಬಗ್ಗೆ ಸ್ವಲ್ಪ ವಿವರ ಬೇಕು. ಮೋರಾದ ಸ್ಟೇನ್‌ಲೆಸ್ ಅಲಗುಗಳಿಗೆ ಬಹುಕಾಲ ಬಳಕೆಯಲ್ಲಿದ್ದುದು ಸ್ಯಾಂಡ್‌ವಿಕ್ 12ಸಿ27. ಅದರಲ್ಲಿ ಇಂಗಾಲ ಶೇ. 0.6, ಕ್ರೋಮಿಯಂ ಶೇ. 13.5. ಹೆಸರು ಮಾಡಿದ 440ಸಿ ಉಕ್ಕಿನಲ್ಲಿ ಇಂಗಾಲ ಶೇ. 1ರ ಆಸುಪಾಸು, ಕ್ರೋಮಿಯಂ ಶೇ. 17ರಷ್ಟು. ಅಂಕಿ ನೋಡಿದರೆ ಎರಡನೆಯದೇ ಮೇಲು. ಆದರೆ ಹೆಚ್ಚಿನ ಇಂಗಾಲ ಕ್ರೋಮಿಯಂ ಜೊತೆ ಕೂಡಿ ದೊಡ್ಡ ಕಾರ್ಬೈಡ್ ಹರಳುಗಳಾಗುತ್ತದೆ. ಸವೆತ ತಡೆಯಲು ಅವು ಒಳ್ಳೆಯವೇ, ಆದರೆ ತೆಳ್ಳಗಿನ ಬಾಯಿಯಲ್ಲಿ ಅವೇ ಕಿತ್ತುಬಂದು ಹಲ್ಲು ಬೀಳುತ್ತವೆ. 12ಸಿ27ರ ಹರಳುಗಳು ಸಣ್ಣವು. ಹಾಗಾಗಿ ಕಿರಿದಾದ ಕೋನ ತಾಳಿಕೊಳ್ಳುತ್ತದೆ, ಮನೆಯ ಸಾಣೆಕಲ್ಲಿನಲ್ಲೇ ಬೇಗ ಹರಿತವಾಗುತ್ತದೆ. ಇನ್ನೊಂದು ತುದಿಯಲ್ಲಿ 3ಸಿಆರ್13ರಂಥ ಉಕ್ಕುಗಳಿವೆ: ಇಂಗಾಲ ಶೇ. 0.3ರ ಸುತ್ತಮುತ್ತ. ಸುಲಭವಾಗಿ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಸಾಕಷ್ಟು ಗಡಸಾಗುವುದೂ ಇಲ್ಲ. ಅಲಗಿನ ಮೇಲೆ ಬರೇ ‘ಸ್ಟೇನ್‌ಲೆಸ್’ ಎಂದಿದ್ದು ಉಕ್ಕಿನ ದರ್ಜೆ ಎಲ್ಲೂ ನಮೂದಾಗಿಲ್ಲದಿದ್ದರೆ ಈ ಜಾತಿಯದೇ ಇರಬಹುದೆಂದು ಎಚ್ಚರ ವಹಿಸುವುದು ಮೇಲು.

ಒಂದೇ ಉಕ್ಕಿನ ಎರಡು ಚಾಕು ಬೇರೆಬೇರೆಯಾಗಿ ನಡೆದುಕೊಳ್ಳುವುದಕ್ಕೆ ಕಾರಣ ಹದ. ಮೋರಾದ ಸ್ಟೇನ್‌ಲೆಸ್ ಅಲಗು ರಾಕ್‌ವೆಲ್ ಗಡಸುತನ ಮಾಪನದಲ್ಲಿ 56ರಿಂದ 58. ದೊಡ್ಡ ಕಾರ್ಖಾನೆಯಲ್ಲಿ ಈ ಅಂಕಿ ಚಾಕುವಿನಿಂದ ಚಾಕುವಿಗೆ ಹೆಚ್ಚು ಏರುಪೇರಾಗುವುದಿಲ್ಲ. ಅಗ್ಗದ ಬೆಲೆಗೆ ಸಿಗುವ ನಿಜವಾದ ಸೌಲಭ್ಯ ಇದು. ಕೊಂಡ ಮೇಲೆ ಹದ ಕೆಡಿಸುವುದು ನಮ್ಮ ಕೈಯಲ್ಲೇ ಇದೆ. ಸಂತೆಯಲ್ಲಿ ಮೋಟಾರು ಚಕ್ರಕ್ಕೆ ಹಿಡಿದು ಸಾಣೆ ಕೊಡಿಸಿದ ಚಾಕುವನ್ನು ಬೆಳಕಿಗೆ ಹಿಡಿದು ನೋಡಿ. ಕಾರ್ಬನ್ ಉಕ್ಕಿನ ಅಲಗಿನ ಬಾಯಿಯುದ್ದಕ್ಕೂ, ವಿಶೇಷವಾಗಿ ಮೊನೆಯ ಹತ್ತಿರ, ನೀಲಿ ಛಾಯೆಯಿದ್ದರೆ ಉಕ್ಕು ಅಲ್ಲಿ 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾದಿದೆ. ಅಷ್ಟು ಭಾಗ ಮೆತ್ತಗಾಯಿತೆಂದೇ ಲೆಕ್ಕ. ನೇರ ಇಳಿಜಾರಿನ ಅಲಗಿಗೆ ಚಕ್ರದ ಅಗತ್ಯವೇ ಇಲ್ಲ: ಇಳಿಜಾರನ್ನು ಒದ್ದೆಕಲ್ಲಿನ ಮೇಲೆ ಪೂರ್ತಿ ಕೂರಿಸಿ ಉಜ್ಜಿದರೆ ಕೋನ ತಾನಾಗಿ ಸಿಗುತ್ತದೆ. ಹೊಸಬರ ಮಟ್ಟಿಗೆ, ಉಕ್ಕಿನ ದರ್ಜೆಗಿಂತ ಈ ಅನುಕೂಲ ದೊಡ್ಡದು.

ನಮ್ಮ ಕಡೆಗೆ ಇದೆಲ್ಲ ಹೊಂದುತ್ತದೆಯೇ? ಪೂರ್ತಿಯಾಗಿ ಇಲ್ಲ. ಮೋರಾ ಬೆಳೆದದ್ದು ಪೈನ್, ಬರ್ಚ್ ಮರಗಳ ನಾಡಿನಲ್ಲಿ. ಮೆತ್ತನೆಯ, ಸೀಳಿಗೆ ಸುಲಭವಾಗಿ ಒಗ್ಗುವ ಮರ ಕೆತ್ತುವ ಉಪಕರಣ ಅದು. ಮಲೆನಾಡಿನ ಬಳ್ಳಿ, ಮುಳ್ಳು, ಬಿದಿರು ಸವರಲು ಬೀಸುಗತ್ತಿಯೇ ಬೇಕು. ಊರಿನ ಕಮ್ಮಾರ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದು ಕೊಡುವ ಕತ್ತಿಯ ಕೆಲಸವನ್ನು ನಾಲ್ಕಿಂಚಿನ ಅಲಗು ಮಾಡಲಾರದು. ಕತ್ತಿಯ ಜೊತೆಗೆ ಎರಡನೆಯದಾಗಿ, ಹಗ್ಗ, ಹಣ್ಣು, ಮೀನು, ಕಸಿಕಡ್ಡಿಯಂಥ ಸಣ್ಣ ಕೆಲಸಕ್ಕೆ ಮಾತ್ರ ಅದು ತಕ್ಕದ್ದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಕಾರ್ಬನ್ ಅಲಗು ಒಂದೇ ರಾತ್ರಿಯಲ್ಲಿ ಕಂದಾಗುತ್ತದೆ. ಸ್ಟೇನ್‌ಲೆಸ್‌ಗೆ ಕೊಡುವ ಅಲ್ಪ ಹೆಚ್ಚಿನ ಬೆಲೆ ಅಲ್ಲಿ ಸಾರ್ಥಕ. ಚರ್ಮದ ಒರೆಯೂ ಅಂಥ ಕಡೆ ಬೇಡ. ನೀರು ಕುಡಿದು ಅಲಗನ್ನು ತೇವದಲ್ಲೇ ಹಿಡಿದಿಡುತ್ತದೆ. ಮೋರಾದ ಪ್ಲಾಸ್ಟಿಕ್ ಒರೆ ನೋಡಲು ಚೆಂದವಿಲ್ಲ, ತೊಳೆದು ಒಣಗಿಸಬಹುದು.

ಕಾನೂನಿನ ವಿಷಯ ಚಾರಣಿಗರು ಸಾಮಾನ್ಯವಾಗಿ ಗಮನಿಸದ್ದು. ಶಸ್ತ್ರಾಸ್ತ್ರ ನಿಯಮಗಳ 9 ಇಂಚು ಉದ್ದ, 2 ಇಂಚು ಅಗಲದ ಮಿತಿಯೊಳಗೇ ಇಂಥ ಚಾಕು ಬರುತ್ತದೆ. ಕೃಷಿ ಮತ್ತು ಮನೆಬಳಕೆಯ ಉಪಕರಣಗಳಿಗೆ ಅಲ್ಲಿ ವಿನಾಯಿತಿಯೂ ಇದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆ ಬೇರೆ. ಅದರ ಪ್ರಕಾರ ‘ಆಯುಧ’ದ ಪಟ್ಟಿಯಲ್ಲಿ ಬಂದೂಕು, ಬಲೆ, ಉರುಲಿನ ಜೊತೆ ಚಾಕುವೂ ಸೇರಿದೆ, ಅಳತೆಯ ಮಾತಿಲ್ಲ. 31ನೇ ಕಲಮು ಲಿಖಿತ ಪೂರ್ವಾನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದನ್ನು ನಿಷೇಧಿಸುತ್ತದೆ; ರಾಷ್ಟ್ರೀಯ ಉದ್ಯಾನಗಳಿಗೂ ಅದು ಅನ್ವಯ. ಕುಮಾರಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿಗೆ ಹೊರಟ ಚೀಲದಿಂದ ಚಾಕು ತೆಗೆದಿಡಬೇಕು, ಇಲ್ಲವೇ ಅನುಮತಿಪತ್ರ ಇರಬೇಕು.